ಅರವತ್ತಾರರ ಅರಳುಮರಳು

"ಸ್ಪೀಕರ್ ಹರಿದೋಯ್ತಾ?"

ಹಾಡು ಶುರುವಾಗಿ ಹತ್ತು ಸೆಕೆಂಡ್ ಕೂಡ ಆಗಿರಲಿಲ್ಲ, ಬಾಗಿಲ ಹತ್ರ ಕೂತಿದ್ದವನು ಕೇಳಿದ ಪ್ರಶ್ನೆ ಇದು. ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮದು ಹಾಸ್ಟೆಲ್ ರೂಮಲ್ಲಿ ಆರು ಜನ ಕಾಸು ಹಾಕಿ ತಗೊಂಡ ಬ್ಲೂಟೂತ್ ಸ್ಪೀಕರ್. ಬೇಸ್ ಜಾಸ್ತಿ ಬಂದರೆ ಮೇಜಿನ ಮೇಲೆ ತಾನೇ ನಡ್ಕೊಂಡು ಹೋಗೋ ಜಾತಿ. ಆದರೆ ಆವತ್ತು ತಪ್ಪು ಸ್ಪೀಕರಿನದಲ್ಲ. ಹಾಡನ್ನೇ ಹಾಗೆ ಮಾಡಿದ್ದರು. ಬೇಸ್ ಬೇಕಂತಲೇ ಒಡೆದಿತ್ತು, ಗಿಟಾರ್ ಅನ್ನೋದು ಕಬ್ಬಿಣದ ಶಟರ್ ಎಳೆದ ಹಾಗೆ ಕೇಳ್ತಿತ್ತು, ಅದರ ಮೇಲೆ ಒಬ್ಬ ಹೆಂಗಸು ಯಾವ ಅವಸರಾನೂ ಇಲ್ಲದೆ ಏನೋ ಪಟ್ಟಿ ಓದ್ತಾ ಇದ್ದರು. ಹಾಡೋದೂ ಅಲ್ಲ, ಮಾತಾಡೋದೂ ಅಲ್ಲ, ಎರಡರ ಮಧ್ಯದ್ದು.

ಹಾಡಿನ ಹೆಸರು 'ಬೈ ಬೈ'. ಹಾಡಿದವರು ಕಿಮ್ ಗಾರ್ಡನ್. ಇದು ಬಿಡುಗಡೆಯಾದಾಗ ಅವರಿಗೆ 70 ವರ್ಷ.

ವಯಸ್ಸು ಕೇಳಿದ ತಕ್ಷಣ ರೂಮಲ್ಲಿ ಎರಡು ಥರದ ನಗು ಬಂತು. ಅರ್ಧ ಜನ "ಸೂಪರ್ ಅಜ್ಜಿ" ಅಂದ್ರು. ಇನ್ನರ್ಧ ಜನ ಅಂದಿದ್ದು ನಮ್ಮೆಲ್ಲರ ಮನೆಯಲ್ಲೂ ಕೇಳಿರೋ ಗಾದೆ: ಅರವತ್ತಕ್ಕೆ ಅರಳುಮರಳು. ನಮಗೆ ಈ ಎರಡು ಪ್ರತಿಕ್ರಿಯೆಗಳೂ ಒಂದೇ ಅನ್ನಿಸಿತು. ಎರಡರಲ್ಲೂ ಹಾಡನ್ನ ಯಾರೂ ಕೇಳಲಿಲ್ಲ, ವಯಸ್ಸನ್ನ ಮಾತ್ರ ಕೇಳಿದ್ವಿ. ಆವತ್ತಿಂದ ತಲೆಯಲ್ಲಿ ಕೊರೀತಾ ಇರೋದನ್ನೇ ಇಲ್ಲಿ ಬರೀತಾ ಇದ್ದೀವಿ.

ಮೊದಲು ಯಾರು ಇವರು ಅಂತ ಹೇಳಿಬಿಡೋಣ. ನಮ್ಮಲ್ಲಿ ಬಹಳ ಜನಕ್ಕೆ ನಿರ್ವಾಣ ಬ್ಯಾಂಡ್ ಗೊತ್ತು, ಆ ಟೀಶರ್ಟ್ ಪ್ರತಿ ಬ್ಯಾಚಲ್ಲೂ ನಾಲ್ಕು ಜನರ ಹತ್ರ ಇರತ್ತೆ. ನಿರ್ವಾಣಕ್ಕಿಂತ ಮುಂಚಿನಿಂದ ಇದ್ದ, ನಿರ್ವಾಣದವರು ಅಣ್ಣ ಅಕ್ಕನ ಹಾಗೆ ನೋಡುತ್ತಿದ್ದ ಬ್ಯಾಂಡ್ ಸೋನಿಕ್ ಯೂತ್. 1981ರಲ್ಲಿ ನ್ಯೂಯಾರ್ಕಿನಲ್ಲಿ ಕಿಮ್ ಗಾರ್ಡನ್, ಥರ್ಸ್ಟನ್ ಮೂರ್, ಲೀ ರಾನಾಲ್ಡೊ ಸೇರಿ ಕಟ್ಟಿದ್ದು. 1985ರಲ್ಲಿ ಡ್ರಮ್ಮರ್ ಸ್ಟೀವ್ ಶೆಲ್ಲಿ ಬಂದರು. ಕಿಮ್ ಬೇಸ್ ನುಡಿಸುತ್ತಿದ್ದರು, ಹಾಡುತ್ತಿದ್ದರು. ಅವರು ಸಂಗೀತ ಕಲಿತವರಲ್ಲ. ಲಾಸ್ ಏಂಜಲೀಸ್‌ನ ಓಟಿಸ್ ಕಾಲೇಜಿನಲ್ಲಿ ಚಿತ್ರಕಲೆ ಓದಿ, 1980ರ ಹೊತ್ತಿಗೆ ಕಲಾವಿದೆ ಆಗೋಣ ಅಂತ ನ್ಯೂಯಾರ್ಕಿಗೆ ಬಂದವರು. ಇವತ್ತಿಗೂ ತಾನು ಮೊದಲು ಚಿತ್ರ ಕಲಾವಿದೆ, ಸಂಗೀತಗಾರ್ತಿ ಅನ್ನೋದು ಆಮೇಲಿನ ಮಾತು ಅನ್ನೋ ಧಾಟಿಯಲ್ಲೇ ಮಾತಾಡ್ತಾರೆ.

ಸೋನಿಕ್ ಯೂತ್‌ನವರ ಗಿಟಾರ್ ಕಥೆ ಇಂಜಿನಿಯರಿಂಗ್ ಹುಡುಗರಿಗೆ ಹೇಳಿ ಮಾಡಿಸಿದ ಹಾಗಿದೆ. ಶುರುವಿನಲ್ಲಿ ಅವರ ಹತ್ರ ಒಳ್ಳೆ ಗಿಟಾರ್ ಕೊಳ್ಳೋಕೆ ದುಡ್ಡಿರಲಿಲ್ಲ. ಅಗ್ಗದ ಗಿಟಾರನ್ನ ಮಾಮೂಲಿ ಶ್ರುತಿಯಲ್ಲಿ ನುಡಿಸಿದರೆ ಅಗ್ಗದ ಗಿಟಾರಿನ ಹಾಗೇ ಕೇಳತ್ತೆ. ಹಾಗಾಗಿ ಶ್ರುತಿಯನ್ನೇ ಬದಲಾಯಿಸಿದರು. ಒಂದೊಂದು ಹಾಡಿಗೆ ಒಂದೊಂದು ಟ್ಯೂನಿಂಗ್. ತಂತಿಯ ಕೆಳಗೆ ಸ್ಕ್ರೂಡ್ರೈವರ್ ಸಿಕ್ಕಿಸಿ, ಡ್ರಮ್ ಕಡ್ಡಿಯಿಂದ ಬಡಿದು ನುಡಿಸಿದರು. ಬರ್ತಾ ಬರ್ತಾ ಗಿಟಾರ್ ಮತ್ತು ಹಾಡು ಒಂದಕ್ಕೊಂದು ಎಷ್ಟು ಅಂಟಿಕೊಂಡವು ಅಂದರೆ, 1999ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ಸಾಮಾನು ತುಂಬಿದ್ದ ಟ್ರಕ್ ಕಳುವಾದಾಗ ಹೋಗಿದ್ದು ವಾದ್ಯಗಳಷ್ಟೇ ಅಲ್ಲ. ಆ ಗಿಟಾರಿಲ್ಲದೆ ಕೆಲವು ಹಾಡುಗಳನ್ನ ಮೊದಲಿನ ಹಾಗೆ ನುಡಿಸೋದೇ ಕಷ್ಟವಾಯ್ತು.

1988ರಲ್ಲಿ ಬಂದ ಅವರ 'ಡೇಡ್ರೀಮ್ ನೇಷನ್' ಆಲ್ಬಮ್ಮನ್ನ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿದೆ. ಗದ್ದಲ ಅಂತ ಬೈಸಿಕೊಂಡಿದ್ದು ಕೊನೆಗೆ ಸರ್ಕಾರಿ ಕಪಾಟಿಗೆ ಹೋಯ್ತು. 1990ರಲ್ಲಿ ದೊಡ್ಡ ಕಂಪನಿ ಗೆಫೆನ್ ಕಡೆಯಿಂದ 'ಗೂ' ಬಂತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಬ್ಯಾಂಡ್ ನಡೀತು. ಕಿಮ್ ಮತ್ತು ಥರ್ಸ್ಟನ್ 1984ರಲ್ಲಿ ಮದುವೆಯಾಗಿದ್ದರು. 2011ರಲ್ಲಿ ಇಬ್ಬರೂ ಬೇರೆಯಾದರು. ಅದೇ ವರ್ಷ ನವೆಂಬರಿನಲ್ಲಿ ಬ್ರೆಜಿಲ್‌ನಲ್ಲಿ ಸೋನಿಕ್ ಯೂತ್ ಕೊನೆಯ ಕಾರ್ಯಕ್ರಮ ಕೊಟ್ಟಿತು. ಆಗ ಕಿಮ್ ಅವರಿಗೆ 58. ಮೂವತ್ತು ವರ್ಷದ ಬ್ಯಾಂಡೂ ಹೋಯ್ತು, ಸಂಸಾರಾನೂ ಹೋಯ್ತು.

ಇಲ್ಲಿ ಒಂದು ನಿಮಿಷ ನಿಂತು ಯೋಚನೆ ಮಾಡಿ. ಈ ಜಾಗದಲ್ಲಿ ಯಾರೇ ಇದ್ದರೂ ಎದುರಿಗೆ ಒಂದು ಸುಲಭದ ದಾರಿ ಇರತ್ತೆ. ಹಳೇ ಹಾಡುಗಳನ್ನ ಹಾಡ್ಕೊಂಡು ಊರೂರು ಸುತ್ತೋದು. ಜನ ದುಡ್ಡು ಕೊಟ್ಟು ಬರ್ತಾರೆ, ಕಣ್ಣೀರು ಹಾಕ್ತಾರೆ, ಫೋನ್ ಎತ್ತಿ ರೆಕಾರ್ಡ್ ಮಾಡ್ಕೋತಾರೆ. ಇದನ್ನ ಕೀಳಾಗಿ ಹೇಳ್ತಾ ಇಲ್ಲ. ಸೋನಿಕ್ ಯೂತ್ ಕೂಡ 2007ರಲ್ಲಿ 'ಡೇಡ್ರೀಮ್ ನೇಷನ್' ಆಲ್ಬಮ್ಮನ್ನ ಮೊದಲಿಂದ ಕೊನೆವರೆಗೆ ವೇದಿಕೆ ಮೇಲೆ ನುಡಿಸಿದೆ. ನಮ್ಮ ಮುಂದೆ ಯಾರಾದರೂ ಹಾಗೆ ನುಡಿಸಿದರೆ ನಾವೂ ಮೊದಲ ಸಾಲಲ್ಲಿ ನಿಂತಿರ್ತೀವಿ. ಆದರೆ ಕಿಮ್ ಆಮೇಲೆ ಮಾಡಿದ್ದು ಅದನ್ನಲ್ಲ.

ಅವರು ಬಿಲ್ ನೇಸ್ ಅನ್ನೋ ಗಿಟಾರಿಸ್ಟ್ ಜೊತೆ 'ಬಾಡಿ/ಹೆಡ್' ಅನ್ನೋ ಇಬ್ಬರ ತಂಡ ಮಾಡಿಕೊಂಡರು. ಎರಡು ಗಿಟಾರ್, ಒಂದು ದನಿ. ಡ್ರಮ್ಸ್ ಇಲ್ಲ. ಮೊದಲೇ ಕಟ್ಟಿಟ್ಟ ಹಾಡಿಗಿಂತ ಆ ಹೊತ್ತಿಗೆ ಹುಟ್ಟಿದ್ದೇ ಹೆಚ್ಚು. 2013ರಲ್ಲಿ 'ಕಮಿಂಗ್ ಅಪಾರ್ಟ್', 2018ರಲ್ಲಿ 'ದಿ ಸ್ವಿಚ್' ಬಂದವು. ನಿಜ ಹೇಳ್ತೀವಿ, ನಮಗೆ ಇವೆರಡನ್ನೂ ಒಂದೇ ಸಲಕ್ಕೆ ಪೂರ್ತಿ ಕೇಳೋಕೆ ಆಗಿಲ್ಲ. ಮಧ್ಯೆ ಒಂದು ಕಾಫಿ ಬ್ರೇಕ್ ಬೇಕಾಯ್ತು. 2015ರಲ್ಲಿ 'ಗರ್ಲ್ ಇನ್ ಎ ಬ್ಯಾಂಡ್' ಅಂತ ಆತ್ಮಕಥೆ ಬರೆದರು. 2016ರಲ್ಲಿ ಜಸ್ಟಿನ್ ರೈಸೆನ್ ಅನ್ನೋ ನಿರ್ಮಾಪಕರ ಜೊತೆ ಸೇರಿ 'ಮರ್ಡರ್ಡ್ ಔಟ್' ಅನ್ನೋ ಒಂದೇ ಒಂದು ಹಾಡು ಬಿಟ್ಟರು. ಲಾಸ್ ಏಂಜಲೀಸಿನಲ್ಲಿ ಕಾರುಗಳಿಗೆ ಹೊಳಪೇ ಇಲ್ಲದ ಕಪ್ಪು ಬಣ್ಣ ಬಳಿದು, ಗಾಜು, ಚಕ್ರ, ಲೋಗೋ ಎಲ್ಲ ಕಪ್ಪಾಗಿಸೋ ಶೋಕಿಗೆ ಅಲ್ಲಿಯ ಹೆಸರು ಅದು.

ಕಿಮ್ ಗಾರ್ಡನ್ ಅನ್ನೋ ಹೆಸರಲ್ಲಿ ಮೊದಲ ಪೂರ್ತಿ ಆಲ್ಬಮ್ ಬಂದಿದ್ದು 2019ರ ಅಕ್ಟೋಬರಿನಲ್ಲಿ. 'ನೋ ಹೋಮ್ ರೆಕಾರ್ಡ್'. ಬೆಲ್ಜಿಯಂನ ಚಿತ್ರ ನಿರ್ದೇಶಕಿ ಶಾಂತಾಲ್ ಆಕರ್ಮಾನ್ ಅವರ ಕೊನೆಯ ಸಿನಿಮಾ 'ನೋ ಹೋಮ್ ಮೂವೀ'ಯ ನೆನಪಿನ ಹೆಸರು. ಒಂಬತ್ತು ಹಾಡು. ಮೊದಲ ಸೋಲೋ ಆಲ್ಬಮ್ಮಿಗೆ ವಯಸ್ಸು ಅರವತ್ತಾರು! ನಮ್ಮ ಮನೆಗಳಲ್ಲಿ ಆ ವಯಸ್ಸಿನವರು ಪೆನ್ಷನ್ ತಗೊಂಡು ಆರು ವರ್ಷ ಆಗಿರತ್ತೆ.

ಐದು ವರ್ಷದ ಒಳಗೆ, 2024ರ ಮಾರ್ಚಿನಲ್ಲಿ, ಎರಡನೆಯದು ಬಂತು. 'ದಿ ಕಲೆಕ್ಟಿವ್'. ಹನ್ನೊಂದು ಹಾಡು. 'ಬೈ ಬೈ' ಇರೋದು ಇದರಲ್ಲೇ, ಮೊದಲನೇ ಹಾಡು. ಆ ಪಟ್ಟಿ ಏನು ಅಂತ ಆಮೇಲೆ ಗೊತ್ತಾಯ್ತು. ಪ್ರಯಾಣಕ್ಕೆ ಹೊರಡೋ ಮುಂಚೆ ಬ್ಯಾಗಿಗೆ ಏನೇನು ಹಾಕ್ಬೇಕು ಅಂತ ಬರ್ಕೊಳ್ಳೋ ಲಿಸ್ಟ್! ಬಟ್ಟೆ, ಔಷಧಿ, ಮುಖಕ್ಕೆ ಹಚ್ಚೋದು. ನಾವು ಊರಿಗೆ ಹೋಗೋ ಹಿಂದಿನ ರಾತ್ರಿ ಫೋನಿನ ನೋಟ್ಸಲ್ಲಿ ಬರ್ಕೊಳ್ಳೋ ಅಂಥದ್ದೇ. ಅದನ್ನ ಆ ಬೀಟ್ ಮೇಲೆ ಅಷ್ಟು ತಣ್ಣಗೆ ಓದಿದಾಗ ಮಾತ್ರ ಯಾಕೋ ಭಯ ಆಗತ್ತೆ. ಈ ಹೆಂಗಸು ಪ್ರವಾಸಕ್ಕೆ ಹೊರಟಿದಾರೋ, ಮನೆ ಬಿಟ್ಟೇ ಹೊರಟಿದಾರೋ ಅನ್ನೋ ಅನುಮಾನ ಬರತ್ತೆ. ವಿಡಿಯೋದಲ್ಲಿ ಅವರ ಮಗಳು ಕೋಕೋ ನಟಿಸಿದ್ದಾರೆ. ಈ ಆಲ್ಬಮ್ಮಿಗೆ ಮತ್ತು ಈ ಹಾಡಿಗೆ ಮುಂದಿನ ವರ್ಷದ ಗ್ರ್ಯಾಮಿಯಲ್ಲಿ ಆಲ್ಟರ್ನೇಟಿವ್ ವಿಭಾಗದ ಎರಡು ನಾಮನಿರ್ದೇಶನ ಸಿಕ್ಕವು. ಎರಡನ್ನೂ ಗೆದ್ದಿದ್ದು ಸೇಂಟ್ ವಿನ್ಸೆಂಟ್.

ಈಗ ಆ ಬೀಟಿನ ವಿಷಯ. ಅದು ರಾಕ್ ಬೀಟ್ ಅಲ್ಲ, ಟ್ರ್ಯಾಪ್. ಅಟ್ಲಾಂಟಾದ ಹಿಪ್‌ಹಾಪ್‌ನಲ್ಲಿ ಬೆಳೆದ ಶೈಲಿ. ಎದೆಗೆ ಗುದ್ದೋ ಉದ್ದನೆಯ ಬೇಸ್, ಮೇಲೆ ಮಳೆಹನಿ ತಗಡಿಗೆ ಬಿದ್ದ ಹಾಗೆ ಹೈಹ್ಯಾಟ್. ಆ ಬೇಸಿನ ಮೂಲ ಒಂದು ಜಪಾನೀ ಡಬ್ಬಿ, ರೋಲಂಡ್ ಕಂಪನಿಯ ಟಿಆರ್-808. 1980ರಲ್ಲಿ ಮಾರುಕಟ್ಟೆಗೆ ಬಂತು, 1983ರಲ್ಲಿ ತಯಾರಿಕೆ ನಿಂತಿತು. ನಿಜವಾದ ಡ್ರಮ್ ಥರ ಕೇಳಲ್ಲ ಅನ್ನೋದೇ ಅದರ ಮೇಲಿನ ದೂರು. ಒಳಗಿರೋದು ನಮ್ಮ ಸಿಲಬಸ್ಸೇ. ಬ್ರಿಡ್ಜ್ಡ್-ಟಿ ನೆಟ್‌ವರ್ಕ್ ಇರೋ ಒಂದು ಸರ್ಕ್ಯೂಟ್, ಆಸಿಲೇಟ್ ಆಗೋಕೆ ಸ್ವಲ್ಪ ಮುಂಚೆ ನಿಲ್ಲಿಸಿದ್ದು. ಒಂದು ಪಲ್ಸ್ ಕೊಟ್ಟರೆ ಗಂಟೆ ಹೊಡೆದ ಹಾಗೆ ಗುಂಯ್ ಅಂದು ನಿಧಾನಕ್ಕೆ ಸಾಯತ್ತೆ. ಡ್ಯಾಂಪ್ಡ್ ಆಸಿಲೇಶನ್, ಅಷ್ಟೆ. ಡಿಕೇ ನಾಬ್ ತಿರುಗಿಸಿದರೆ ಸಾಯೋದು ತಡವಾಗತ್ತೆ. ಯಾರಿಗೂ ಬೇಡವಾಗಿ ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಕ್ಕ ಡಬ್ಬಿಯನ್ನ ಹಿಪ್‌ಹಾಪ್ ಹುಡುಗರು ತಗೊಂಡು ಹೋಗಿ, ಅದರ ದೋಷವನ್ನೇ ಅದರ ಗುಣ ಮಾಡಿದರು. ಅಗ್ಗದ ಗಿಟಾರಿನ ಜೊತೆ ಸೋನಿಕ್ ಯೂತ್ ಮಾಡಿದ್ದೂ ಅದನ್ನೇ ತಾನೆ? ನೋಡೋಕೆ ಸಂಬಂಧವೇ ಇಲ್ಲದ ಎರಡು ಸಂಗೀತ. ಕೆಳಗೆ ಹರಿಯೋ ನೀರು ಒಂದೇ. ಕಿಮ್ ಗಾರ್ಡನ್ ಎಪ್ಪತ್ತರಲ್ಲಿ ಟ್ರ್ಯಾಪ್ ಕಡೆ ಹೋಗಿದ್ದು ಫ್ಯಾಶನ್ನಿಗೆ ಅಂತ ನಮಗೆ ಅನ್ನಿಸದೆ ಇರೋಕೆ ಇದೇ ಕಾರಣ.

ಇನ್ನೊಂದು ವಿಷಯ ಗಮನಿಸಿ. ಎಲ್ಲ ಬದಲಾದರೂ ಅವರ ದನಿ ಬದಲಾಗಿಲ್ಲ. 1990ರ 'ಕೂಲ್ ಥಿಂಗ್' ಹಾಕಿ ಕೇಳಿ, ಆಮೇಲೆ 'ಬೈ ಬೈ' ಕೇಳಿ. ಅದೇ ಅರೆಮಾತು, ಅರೆಹಾಡು. ಅದೇ ಮುಖ ತಿರುಗಿಸಿಕೊಂಡು ನಿಂತ ಹಾಗಿನ ಧಾಟಿ. ಸುತ್ತಮುತ್ತ ಇದ್ದ ಗಿಟಾರುಗಳನ್ನ ತೆಗೆದು, ಕೆಳಗೆ ಬೇರೆ ನೆಲ ಹಾಕಿದ್ದಾರೆ. ಒಂದನ್ನ ಹಾಗೇ ಇಟ್ಟು ಇನ್ನೊಂದನ್ನ ಬದಲಾಯಿಸಿ ಏನಾಗತ್ತೆ ಅಂತ ನೋಡೋದು. ಇದನ್ನ ನಾವು ಓದಿದ ಭಾಷೆಯಲ್ಲಿ ಎಕ್ಸ್‌ಪೆರಿಮೆಂಟ್ ಅಂತಾರೆ. ಸುಮ್ನೆ ಗದ್ದಲ ಮಾಡಿ 'ಎಕ್ಸ್‌ಪೆರಿಮೆಂಟಲ್' ಅಂತ ಚೀಟಿ ಅಂಟಿಸೋದಕ್ಕೂ ಇದಕ್ಕೂ ವ್ಯತ್ಯಾಸ ಇರೋದು ಇಲ್ಲೇ.

ಆ ಪದ ಬಂತಲ್ಲ, ಈಗ ನಮ್ಮ ವಿಷಯಕ್ಕೆ ಬರೋಣ.

ನಾವು ವಾರಕ್ಕೆ ಎರಡು ಲ್ಯಾಬ್ ಮಾಡ್ತೀವಿ. ಪ್ರತಿ ಲ್ಯಾಬಲ್ಲೂ ಒಂದು 'ಪ್ರಯೋಗ' ಇರತ್ತೆ. ಆದರೆ ಉತ್ತರ ಮ್ಯಾನ್ಯುವಲ್ಲಿನಲ್ಲಿ ಮೊದಲೇ ಪ್ರಿಂಟ್ ಆಗಿರತ್ತೆ. ಸಿಆರ್‌ಒದಲ್ಲಿ ಬೇರೆ ಏನಾದರೂ ಬಂದರೆ ನಾವು ಏನು ಮಾಡ್ತೀವಿ? ಯಾಕೆ ಬಂತು ಅಂತ ಯೋಚನೆ ಮಾಡ್ತೀವಾ? ಪಕ್ಕದ ಬ್ಯಾಚಿನ ರೀಡಿಂಗ್ ಬರ್ಕೋತೀವಿ. ಅಥವಾ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ಹುಟ್ಟಿಸ್ತೀವಿ. ಗ್ರಾಫ್ ಶೀಟಲ್ಲಿ ಚುಕ್ಕೆಗಳೆಲ್ಲ ಒಳ್ಳೆ ಹುಡುಗರ ಹಾಗೆ ಗೆರೆ ಮೇಲೆ ಕೂತಿರ್ತವೆ. ಇದು ಎಲ್ಲರಿಗೂ ಗೊತ್ತಿರೋದೇ. ಬೇರೆಯವರ ಮೇಲೆ ಹೇಳೋದೇನಿಲ್ಲ, ನಾವೂ ಹೋದ ಸೆಮಿಸ್ಟರ್ ಮಾಡಿದೀವಿ.

ಆಂಪ್ಲಿಫೈಯರ್ ಪ್ರಯೋಗ ನೆನಪಿದೆಯಾ? ಗೇನ್ ಜಾಸ್ತಿ ಮಾಡಿದರೆ ಸೈನ್ ವೇವ್‌ನ ತಲೆ ಕತ್ತರಿಸಿದ ಹಾಗೆ ಚಪ್ಪಟೆ ಆಗತ್ತೆ. ಕ್ಲಿಪ್ಪಿಂಗ್. ತಕ್ಷಣ ನಾಬ್ ಹಿಂದಕ್ಕೆ ತಿರುಗಿಸ್ತೀವಿ, ತಪ್ಪಾಯ್ತು ಅಂತ. ರಾಕ್ ಸಂಗೀತದ ಅರ್ಧ ಇತಿಹಾಸ ನಿಂತಿರೋದು ಆ ನಾಬನ್ನ ಹಿಂದಕ್ಕೆ ತಿರುಗಿಸದೇ ಇದ್ದವರ ಮೇಲೆ. ಡಿಸ್ಟಾರ್ಷನ್ ಅಂದರೆ ಅದೇ ಚಪ್ಪಟೆ ತಲೆ, ಅದರಿಂದ ಹುಟ್ಟೋ ಹೊಸ ಹಾರ್ಮೋನಿಕ್ಸ್. ಆಸಿಲೇಟರ್ ಪಾಠದಲ್ಲಿ ಬಾರ್ಕ್‌ಹೌಸನ್ ನಿಯಮ ಬಾಯಿಪಾಠ ಮಾಡಿದೀವಿ. ಲೂಪ್ ಗೇನ್ ಒಂದು, ಫೇಸ್ ಶಿಫ್ಟ್ 360ರ ಗುಣಕ. ಗಿಟಾರನ್ನ ಆಂಪ್ ಎದುರು ಹಿಡಿದರೆ ಕುಯ್ಯೋ ಅನ್ನತ್ತಲ್ಲ, ಅದೇ ಇದು. ತಂತಿ, ಪಿಕಪ್, ಆಂಪ್, ಸ್ಪೀಕರ್, ಗಾಳಿ, ಮತ್ತೆ ತಂತಿ. ಆಡಿಟೋರಿಯಂನಲ್ಲಿ ಮೈಕು ಹಾಗೆ ಕಿರುಚಿದರೆ ಎಲ್ಲರೂ ಕಿವಿ ಮುಚ್ಕೋತಾರೆ. ಸೋನಿಕ್ ಯೂತ್ ಅದನ್ನೇ ವಾದ್ಯ ಮಾಡ್ಕೊಂಡಿತು. ವೈವಾದಲ್ಲಿ ನಾವು ಹೇಳೋ ಉತ್ತರವೂ ಅವರು ನುಡಿಸಿದ್ದೂ ಒಂದೇ ಸಮೀಕರಣ.

ಕನ್ನಡದಲ್ಲಿ 'ಪ್ರಯೋಗ' ಅನ್ನೋ ಪದಕ್ಕೆ ಇನ್ನೊಂದು ಅರ್ಥ ಇದೆ. ನಾಟಕ ಆಡೋದಕ್ಕೂ ಪ್ರಯೋಗ ಅಂತಾರೆ. 'ನಾಟಕದ ಮೊದಲ ಪ್ರಯೋಗ', 'ಐವತ್ತನೇ ಪ್ರಯೋಗ' ಅಂತ ಪೋಸ್ಟರಲ್ಲಿ ನೋಡಿರ್ತೀರ. ಅದೇ ನಾಟಕ, ಅದೇ ಮಾತು, ಆದರೂ ಪ್ರತಿ ರಾತ್ರಿ ಪ್ರಯೋಗ. ಯಾಕಂದ್ರೆ ಇವತ್ತು ಹೇಗೆ ಆಗತ್ತೆ ಅಂತ ಪರದೆ ಏಳೋವರೆಗೆ ಯಾರಿಗೂ ಗೊತ್ತಿಲ್ಲ. ಲ್ಯಾಬಿನ ಬಾಗಿಲ ಮೇಲೆ 'ಪ್ರಯೋಗಾಲಯ' ಅಂತ ಬರೆದಿದ್ರೂ, ಆ ಪದ ಒಳಗಡೆಗಿಂತ ನಾಟಕದ ಪೋಸ್ಟರಲ್ಲೇ ಜಾಸ್ತಿ ಜೀವಂತ ಇದೆ.

ಇಷ್ಟು ಹೇಳಿದ ಮೇಲೆ ನಮ್ಮ ರೂಮಲ್ಲೇ ಎದ್ದ ಆಕ್ಷೇಪಗಳನ್ನ ಮುಚ್ಚಿಡಬಾರದು. ಮೂರು ಇದ್ವು.

ಮೊದಲನೆಯದು: "ಎಲ್ಲ ಸರಿ ಗುರೂ, ಆದ್ರೆ ಕೇಳೋಕೆ ಚೆನ್ನಾಗಿಲ್ಲ." ಒಪ್ಕೋತೀವಿ. ನಮ್ಮಲ್ಲೂ ಅರ್ಧ ಜನಕ್ಕೆ 'ದಿ ಕಲೆಕ್ಟಿವ್' ಇಷ್ಟ ಆಗಿಲ್ಲ. ಇಷ್ಟ ಆಗ್ಲೇಬೇಕು ಅಂತ ಈ ಲೇಖನ ಬರೀತಾ ಇಲ್ಲ. ನಮ್ಮ ವಾದ ಇಷ್ಟೇ. ಹಾಡು ಹಿಡಿಸಲಿಲ್ಲ ಅನ್ನೋದು ಒಂದು, ಈ ವಯಸ್ಸಲ್ಲಿ ಇವರಿಗೆ ಇದೆಲ್ಲ ಯಾಕೆ ಅನ್ನೋದು ಇನ್ನೊಂದು. ಮೊದಲನೆಯದು ಅಭಿಪ್ರಾಯ. ಎರಡನೆಯದನ್ನ ಗಂಡಸಿಗೆ ಕೇಳೋದಕ್ಕಿಂತ ಹೆಂಗಸಿಗೆ ನಾವು ಬೇಗ ಕೇಳ್ತೀವಿ. ಬಿಳಿ ಗಡ್ಡದ ರಾಕ್ ಗಾಯಕ ವೇದಿಕೆ ಹತ್ತಿದರೆ ಲೆಜೆಂಡ್, ಹೆಂಗಸು ಹತ್ತಿದರೆ ಅಜ್ಜಿ. ಆವತ್ತು ರೂಮಲ್ಲಿ ನಕ್ಕವರಲ್ಲಿ ನಾವೂ ಇದ್ವಿ.

ಎರಡನೆಯದು: "ಅವರಿಗೇನು, ಹೆಸರು ಇದೆ, ಸೋತ್ರೂ ನಡಿಯತ್ತೆ." ಇದು ಗಟ್ಟಿ ಆಕ್ಷೇಪ. ಮೂವತ್ತು ವರ್ಷದ ಹೆಸರು, ಮ್ಯಾಟಡಾರ್ ಥರದ ರೆಕಾರ್ಡ್ ಕಂಪನಿ, ಎಲ್ಲ ಬೆನ್ನಿಗೆ ಇದ್ದಾಗ ಧೈರ್ಯ ಸುಲಭ. ಮನೇಲಿ ಎಜುಕೇಶನ್ ಲೋನ್ ಇರೋ ಹುಡುಗನಿಗೆ "ಸೋಲೋಕೆ ಹೆದರಬೇಡ" ಅಂತ ಹೇಳೋದು ಅನ್ಯಾಯ. ಆದರೆ ಹೆಸರಿಗೆ ಇನ್ನೊಂದು ಮುಖಾನೂ ಇದೆ. ಹೆಸರಿದ್ದವರಿಗೆ ಕಳ್ಕೊಳ್ಳೋಕೆ ಏನಾದರೂ ಇರತ್ತೆ. ಹಳೇ ಅಭಿಮಾನಿ ಹಳೇದನ್ನೇ ಕೇಳ್ತಾನೆ. ನಮ್ಮನ್ನ ಕೇಳೋರೇ ಇಲ್ಲ. ಹತ್ತೊಂಬತ್ತು ವರ್ಷಕ್ಕೆ ನಮ್ಮ ಹತ್ರ ಕಳ್ಕೊಳ್ಳೋಕೆ ಯಾವ ಇಮೇಜೂ ಇಲ್ಲ, ಆದರೂ ಇದೆ ಅನ್ನೋ ಹಾಗೆ ಕಾಪಾಡ್ಕೋತಾ ಇದೀವಿ. ಲೋನ್ ಇದ್ದವನು ಪ್ಲೇಸ್‌ಮೆಂಟ್ ಬಿಟ್ಟು ಗಿಟಾರ್ ಹಿಡೀಬೇಕು ಅಂತ ನಾವು ಹೇಳ್ತಾ ಇಲ್ಲ. ಫೆಸ್ಟಿನ ಹದಿನೈದು ನಿಮಿಷದಲ್ಲಿ ಸೋತರೆ ಯಾರ ಇಎಂಐಯೂ ನಿಲ್ಲಲ್ಲ.

ಮೂರನೆಯದು: ಕಪ್ಪು ಹುಡುಗರು ಕಟ್ಟಿದ ಸಂಗೀತವನ್ನ ಒಬ್ಬ ಬಿಳಿಯ ಹೆಸರಾಂತ ಕಲಾವಿದೆ ತಗೊಂಡು ಹೋಗಿ ಹೊಗಳಿಸಿಕೊಳ್ಳೋದು ಸರೀನಾ? ಇದಕ್ಕೆ ನಮ್ಮಲ್ಲಿ ಒಮ್ಮತ ಇಲ್ಲ. ಒಬ್ಬಳು ಹೇಳಿದ್ದು: ಅವರು ರ‍್ಯಾಪರ್ ಥರ ವೇಷ ಹಾಕಿಲ್ಲ, ತಮ್ಮ ದನಿಯಲ್ಲೇ ಉಳಿದಿದ್ದಾರೆ, ಹಾಗಾಗಿ ಇದು ಅನುಕರಣೆ ಅಲ್ಲ. ಇನ್ನೊಬ್ಬ ಹೇಳಿದ್ದು: ಅದೇ ಬೀಟನ್ನ ಅಟ್ಲಾಂಟಾದ ಹುಡುಗ ಮಾಡಿದರೆ 'ಮಾಮೂಲಿ', ಇವರು ಮಾಡಿದರೆ 'ಪ್ರಯೋಗ'. ಎರಡೂ ಸರಿ ಅನ್ಸತ್ತೆ. ಎರಡನೆಯ ಮಾತಿಗೆ ತಪ್ಪು ಹಾಡಿನದಲ್ಲ, ಯಾವುದಕ್ಕೆ ಯಾವ ಹೆಸರು ಕೊಡಬೇಕು ಅಂತ ತೀರ್ಮಾನ ಮಾಡೋ ನಮ್ಮಂಥ ಕೇಳುಗರದ್ದು ಅನ್ನೋದು ನಮ್ಮ ಅನಿಸಿಕೆ. ಇವರಿಂದ ಶುರು ಮಾಡಿ ಅಟ್ಲಾಂಟಾಕ್ಕೂ ಹೋಗಿ ಕೇಳಿ, ಆಗ ಲೆಕ್ಕ ಸ್ವಲ್ಪ ಸರಿ ಹೋಗಬಹುದು.

ಈಗ ಹೇಳಲೇಬೇಕಾದ ಒಂದು ತಪ್ಪೊಪ್ಪಿಗೆ.

ಹೋದ ವರ್ಷ ಫೆಸ್ಟಿಗೆ ನಮ್ಮ ಕ್ಲಬ್ಬಿನ ಬ್ಯಾಂಡ್ ಒಂದು ಸ್ವಂತ ಹಾಡು ಮಾಡಿತ್ತು. ಕನ್ನಡದ್ದು. ಮೆಸ್ಸಿನಲ್ಲಿ ಊಟದ ಹೊತ್ತಿಗೆ ಸ್ಟೀಲ್ ತಟ್ಟೆಗಳ ಸದ್ದು ಫೋನಲ್ಲಿ ರೆಕಾರ್ಡ್ ಮಾಡಿ, ಅದನ್ನೇ ಕತ್ತರಿಸಿ ಬೀಟ್ ಮಾಡಿದ್ವಿ. ಮೇಲೆ ಕೀಬೋರ್ಡಿನ ಒಂದೇ ಸ್ವರ. ಮಾತುಗಳು ರಾತ್ರಿ ಬಸ್ಸಿನ ಬಗ್ಗೆ. ಊರಿಂದ ಕಾಲೇಜಿಗೆ ವಾಪಸ್ ಬರುವಾಗ ನಿದ್ದೆಯಲ್ಲಿ ಕೇಳೋ ಊರುಗಳ ಹೆಸರು, ಕಂಡಕ್ಟರ್ ಕೂಗಿದ ಹಾಗೆ ಒಂದಾದ ಮೇಲೊಂದು. ಅದೂ ಒಂದು ಪಟ್ಟಿನೇ! ಆಗ ನಮ್ಮಲ್ಲಿ ಯಾರೂ ಕಿಮ್ ಗಾರ್ಡನ್ ಹೆಸರು ಕೇಳಿರಲಿಲ್ಲ. ಪಟ್ಟಿ ಓದಿದರೆ ಹಾಡಾಗತ್ತಾ ಅಂತ ನಮಗೇ ಅನುಮಾನ ಇತ್ತು. ಫೆಸ್ಟಿಗೆ ಎರಡು ದಿನ ಇರುವಾಗ ಅದನ್ನ ತೆಗೆದ್ವಿ. ಯಾರೂ ತೆಗೀರಿ ಅಂತ ಹೇಳಲಿಲ್ಲ, ನಾವೇ ತೆಗೆದ್ವಿ. "ಜನಕ್ಕೆ ಅರ್ಥ ಆಗಲ್ಲ, ಜಡ್ಜ್‌ಗೆ ಹಿಡಿಸಲ್ಲ" ಅಂತ ನಾವೇ ಹೇಳ್ಕೊಂಡ್ವಿ. ಎಲ್ಲರಿಗೂ ಬಾಯಿಗೆ ಬರೋ ಮೂರು ಸಿನಿಮಾ ಹಾಡು ನುಡಿಸಿದ್ವಿ. ಎರಡನೇ ಬಹುಮಾನ ಬಂತು. ಸರ್ಟಿಫಿಕೇಟ್ ಎಲ್ಲಿದೆ ಅಂತ ಈಗ ಯಾರಿಗೂ ಗೊತ್ತಿಲ್ಲ.

ಆ ಹಾಡು ಚೆನ್ನಾಗಿತ್ತಾ? ಗೊತ್ತಿಲ್ಲ. ಅದೇ ಸಂಕಟ. ಕೆಟ್ಟದಾಗಿತ್ತು ಅಂತ ಗೊತ್ತಾಗಿದ್ರೂ ಒಂದು ರೀಡಿಂಗ್ ಸಿಕ್ಕಿರೋದು. ನಾವು ಪಕ್ಕದ ಬ್ಯಾಚಿನ ರೀಡಿಂಗ್ ಬರ್ಕೊಂಡು ಬಂದ್ವಿ. ಅದನ್ನ ಬರೆದ ಸೀನಿಯರ್ ಈ ವರ್ಷ ಪಾಸಾಗಿ ಹೋದರು. ಹೋಗುವಾಗ "ಆ ಬಸ್ ಹಾಡು ಏನಾಯ್ತ್ರೋ?" ಅಂತ ಕೇಳಿದ್ರು. ನಗ್ತಾನೇ ಕೇಳಿದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ.

ಈ ಮ್ಯಾಗಜೀನಿಗೆ ಬರೆಯೋದೂ ನಮಗೆ ಅಂಥದ್ದೇ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದೋರು. ಅಲ್ಪಪ್ರಾಣ ಮಹಾಪ್ರಾಣ ಇವತ್ತಿಗೂ ಕೈ ಕೊಡತ್ತೆ. "ನನ್ನ ಕನ್ನಡ ಅಷ್ಟಕ್ಕಷ್ಟೆ" ಅಂತ ಹೇಳಿ ಎಷ್ಟೋ ಜನ ಬರೆಯೋದೇ ಇಲ್ಲ. ಕಿಮ್ ಗಾರ್ಡನ್ ನಲವತ್ತು ವರ್ಷದಿಂದ ತಾನು ಸಂಗೀತಗಾರ್ತಿ ಅಲ್ಲ ಅನ್ಕೊಂಡೇ ಸಂಗೀತ ಮಾಡ್ತಾ ಇದ್ದಾರೆ. ಅಷ್ಟಕ್ಕಷ್ಟೆ ಇರೋ ಕನ್ನಡದಲ್ಲೇ ಬರೀಬಹುದು ಅಂತ ನಮಗೆ ಧೈರ್ಯ ಬಂದಿದ್ದು ಆ ವಿಷಯ ಓದಿದ ಮೇಲೆ.

ಗಾದೆಗೆ ವಾಪಸ್ ಬರ್ತೀವಿ. 'ಅರಳುಮರಳು' ಅಂದರೆ ಬುದ್ಧಿ ಭ್ರಮೆ ಅಂತ ನಾವು ಅನ್ಕೊಂಡಿದ್ವಿ. ಕ್ಲಬ್ಬಿನ ಸರ್ ಒಂದು ದಿನ ಹೇಳಿದ್ರು, ಬೇಂದ್ರೆಯವರು ಅದೇ ಮಾತನ್ನ ತಮ್ಮ ಸಂಕಲನಕ್ಕೆ ಹೆಸರಿಟ್ಟಿದ್ರು, 'ಅರಳು ಮರಳು'. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಗ ಬೇಂದ್ರೆಯವರಿಗೂ ಅರವತ್ತು ದಾಟಿತ್ತು. ಪದವನ್ನ ಬಿಡಿಸಿ ಓದಿ. ಅರಳು, ಮರಳು. ಮರಳಿ ಅರಳು. ಬೈಗುಳದ ಒಳಗೇ ಹೂವು ಇದೆ. ನಾವು ಇಷ್ಟು ವರ್ಷ ಗಾದೆ ಹೇಳ್ತಾ ಇದ್ವಿ, ಕೇಳಿಸ್ಕೊಂಡಿರಲಿಲ್ಲ.

ಅರವತ್ತಾರಕ್ಕೆ ಮರಳಿ ಅರಳೋದು ದೊಡ್ಡ ವಿಷಯ, ನಿಜ. ಆದರೆ ನಮ್ಮ ಚಿಂತೆ ಅದಲ್ಲ. ಮರಳಿ ಅರಳೋಕೆ ಮೊದಲು ಒಂದು ಸಲ ಅರಳಿರಬೇಕಲ್ಲ? ಹತ್ತೊಂಬತ್ತಕ್ಕೇ ನಾವು ಸೇಫ್ ಆಗಿ ಮುದುರಿಕೊಂಡು ಕೂತಿದ್ದರೆ, ಅರವತ್ತಾರಕ್ಕೆ ಯಾವುದಕ್ಕೆ ಮರಳೋದು?

ಹಾಗಾಗಿ ಕ್ಲಬ್ಬಿಗೆ ನಮ್ಮ ಒಂದು ಪ್ರಸ್ತಾಪ. ಈ ವರ್ಷದ ಫೆಸ್ಟಲ್ಲೂ ನಮಗೆ ಸಿಗೋದು ಹದಿನೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಎಲ್ಲರಿಗೂ ಗೊತ್ತಿರೋ ಹಾಡೇ ಇರಲಿ, ಕುಣಿಯೋರು ಕುಣೀಲಿ. ಉಳಿದ ಐದು ನಿಮಿಷ ಏನಾಗತ್ತೆ ಅಂತ ನಮಗೇ ಗೊತ್ತಿಲ್ಲದ್ದನ್ನ ನುಡಿಸೋಣ. ಬಹುಮಾನ ಹೋದರೆ ಹೋಗ್ಲಿ. ಬಸ್ ಹಾಡಿನ ರೆಕಾರ್ಡಿಂಗ್ ಇನ್ನೂ ಕೀಬೋರ್ಡಿಸ್ಟ್ ಫೋನಲ್ಲಿದೆ, ತಟ್ಟೆ ಸದ್ದಿನ ಸಮೇತ. ಮೊನ್ನೆ ಮತ್ತೆ ಕೇಳಿದ್ವಿ. ಮೊದಲ ಒಂದು ನಿಮಿಷ ಉದ್ದ ಆಯ್ತು ಅನ್ನಿಸ್ತು, ಬೀಟ್ ಒಂದು ಕಡೆ ತಪ್ಪಿದೆ. ಆ ತಪ್ಪನ್ನ ಸರಿ ಮಾಡ್ಬೇಕಾ, ಹಾಗೇ ಬಿಡ್ಬೇಕಾ ಅಂತ ಇನ್ನೂ ಜಗಳ ನಡೀತಾ ಇದೆ. ಜಗಳಕ್ಕೆ ಸೇರ್ಕೊಳ್ಳೋರು ಗುರುವಾರ ಸಂಜೆ ಕ್ಲಾಸ್ ಮುಗಿದ ಮೇಲೆ ಕ್ಲಬ್ ರೂಮಿಗೆ ಬನ್ನಿ. ಸ್ಟೀಲ್ ತಟ್ಟೆ ತನ್ನಿ.